ಓದುಗರ ಪ್ರಶ್ನೆ, ವೈದ್ಯರ ಉತ್ತರ: ಅಯಸ್ಕಾಂತದಿಂದ ಖಿನ್ನತೆ ಹೋಗುವುದೇ?

ಹಿಂದಿನ ಸಂಚಿಕೆಯಲ್ಲಿ ಖಿನ್ನತೆಯ ಮಾತ್ರೆಗಳ ಬಗ್ಗೆ ಬರೆಯುತ್ತ, ಮಾತ್ರೆಗೆ ಜಗ್ಗದ ಖಿನ್ನತೆಗೆ ಟಿಎಂಎಸ್ ಎಂಬ ಕಾಂತೀಯ ಚಿಕಿತ್ಸೆಯೂ ಇದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೆ. ಲೇಖನದ ಉಳಿದ ಭಾಗವನ್ನು ಬಿಟ್ಟು ಆ ಒಂದು ವಾಕ್ಯವನ್ನೇ ಹಿಡಿದು ಅನೇಕರು ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನಾನು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಹೆಂಡತಿಗೆ 41 ವರ್ಷ. ಎರಡು ವರ್ಷದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಕಾರಣವಿಲ್ಲದೆ ಅಳುತ್ತಾಳೆ. ಎರಡು ಬಗೆಯ ಮಾತ್ರೆ ಆಯಿತು, ಸ್ವಲ್ಪ ಸುಧಾರಿಸಿ ಮತ್ತೆ ಹಾಗೇ. ಈಗ ವೈದ್ಯರು ಟಿಎಂಎಸ್ ಮಾಡಿಸಿ ನೋಡೋಣ ಎನ್ನುತ್ತಿದ್ದಾರೆ. ನಮ್ಮತ್ತೆಯವರು 'ಮಗಳ ತಲೆಗೆ ಕರೆಂಟ್ ಕೊಡಿಸಬೇಡಿ, ಇರುವ ನೆನಪೂ ಹೋಗುತ್ತದೆ' ಎಂದು ಕಣ್ಣೀರು ಹಾಕುತ್ತಿದ್ದಾರೆ. ಇದು ಶಾಕ್ ಟ್ರೀಟ್‌ಮೆಂಟೇ? ನಿಜವಾಗಿ ಗುಣವಾಗುತ್ತದೆಯೇ? (ದಾವಣಗೆರೆ)

ಉತ್ತರ: ನಿಮ್ಮ ಅತ್ತೆಯವರ ಆತಂಕಕ್ಕೆ ಮೊದಲು ಉತ್ತರ ಹೇಳಬೇಕು, ಏಕೆಂದರೆ ಮನೆಯಲ್ಲಿ ಒಬ್ಬರು ಹೆದರಿ ಕುಳಿತಿದ್ದರೆ ನಾಲ್ಕಾರು ವಾರ ನಡೆಯುವ ಚಿಕಿತ್ಸೆ ಮಧ್ಯದಲ್ಲೇ ನಿಂತುಹೋಗುತ್ತದೆ. ಅವರು ಹೇಳುತ್ತಿರುವುದು ಇಸಿಟಿ ಎಂಬ ಬೇರೆ ಚಿಕಿತ್ಸೆಯನ್ನು. ಅದು 1938ರಲ್ಲಿ ಇಟಲಿಯ ರೋಮ್ ನಗರದಲ್ಲಿ ಆರಂಭವಾಯಿತು. ಅದರಲ್ಲಿ ವಿದ್ಯುತ್ತನ್ನು ಹಾಯಿಸಿ ಮಿದುಳಿನಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಆ ಫಿಟ್ಸೇ ಅಲ್ಲಿ ಔಷಧ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಇಸಿಟಿ ಮಾಡುವಂತಿಲ್ಲ, ಆದ್ದರಿಂದ ಹಳೆಯ ಸಿನಿಮಾಗಳಲ್ಲಿ ಕೈಕಾಲು ಕಟ್ಟಿ ಕರೆಂಟ್ ಕೊಡುವ ದೃಶ್ಯಕ್ಕೂ ಇಂದಿನ ಇಸಿಟಿಗೂ ಸಂಬಂಧವಿಲ್ಲ. ಇಷ್ಟನ್ನೂ ಹೇಳುವುದಕ್ಕೆ ಕಾರಣವಿದೆ. ಟಿಎಂಎಸ್‌ಅನ್ನು ಹೊಗಳುವ ಭರದಲ್ಲಿ ಇಸಿಟಿಯನ್ನು ಹಳಿಯುವ ಚಾಳಿ ಈಗ ನಮ್ಮವರಲ್ಲೂ ಬೆಳೆಯುತ್ತಿದೆ. ಅನ್ನ ನೀರು ಬಿಟ್ಟು ಮಲಗಿದ, ಸಾಯುವ ಮಾತನ್ನೇ ಆಡುತ್ತಿರುವ ರೋಗಿಗೆ ಇಂದಿಗೂ ಹೆಚ್ಚು ಬೇಗ, ಹೆಚ್ಚು ಬಲವಾಗಿ ಕೆಲಸ ಮಾಡುವುದು ಇಸಿಟಿಯೇ. ಕೆಲವರಿಗೆ ಅದರಿಂದ ನೆನಪಿನ ತೊಂದರೆಯಾಗುವುದು ನಿಜ. ಆ ಬೆಲೆ ಯಾವಾಗ ತೆರಬೇಕು, ಯಾವಾಗ ಬೇಡ ಎಂದು ತೂಗಿ ನೋಡುವುದೇ ವೈದ್ಯನ ಕೆಲಸ.

ಟಿಎಂಎಸ್‌ನಲ್ಲಿ ಅರಿವಳಿಕೆ ಇಲ್ಲ, ಫಿಟ್ಸ್ ಬರಿಸುವ ಉದ್ದೇಶವೂ ಇಲ್ಲ. ನಿಮ್ಮ ಹೆಂಡತಿ ಹಲ್ಲಿನ ವೈದ್ಯರಲ್ಲಿರುವಂಥ ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಾರೆ, ಮುಗಿದ ಮೇಲೆ ಎದ್ದು ಮನೆಗೆ ನಡೆದುಕೊಂಡು ಬರುತ್ತಾರೆ. ನೆನಪಿನ ಶಕ್ತಿಗೆ ಇದರಿಂದ ಹಾನಿಯಾಗುವುದು ಕಂಡುಬಂದಿಲ್ಲ. ಮೊದಲ ದಿನ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ತಲೆಗೆ ಬಟ್ಟೆಯ ಟೋಪಿ ಹಾಕಿ ಅಳತೆ ತೆಗೆದು ಗುರುತು ಮಾಡುತ್ತಾರೆ. ಆಮೇಲೆ ಎಂಟರ ಅಂಕಿಯ ಆಕಾರದ ತಂತಿಯ ಸುರುಳಿಯನ್ನು ತಲೆಯ ಎಡಭಾಗದಲ್ಲಿ, ಕೈಯ ಚಲನೆಯನ್ನು ನಿಯಂತ್ರಿಸುವ ಜಾಗದ ಮೇಲಿಟ್ಟು ಒಂದೊಂದೇ ತುಡಿತ, ಅಂದರೆ ಕ್ಷಣಮಾತ್ರದ ಕಾಂತೀಯ ಬಡಿತ, ಕೊಡುತ್ತಾರೆ. ಆಗ ಬಲಗೈಯ ಹೆಬ್ಬೆರಳು ತಾನಾಗಿಯೇ ಪಟಕ್ಕೆಂದು ಹಾರುತ್ತದೆ. ಇದನ್ನು ಕಂಡು ಗಾಬರಿಯಾಗುವ ಗಂಡಂದಿರನ್ನು ನೋಡಿದ್ದೇನೆ, ನೀವು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಬೆರಳನ್ನು ಹಾರಿಸಲು ಎಷ್ಟು ಕಡಿಮೆ ಬಲ ಸಾಕು ಎಂಬುದನ್ನು ಹೀಗೆ ಪತ್ತೆಹಚ್ಚುತ್ತಾರೆ. ಅದು ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿರುತ್ತದೆ. ಚಿಕಿತ್ಸೆಯ ಪ್ರಮಾಣವನ್ನು ಸಾಮಾನ್ಯವಾಗಿ ಅದರ ಶೇಕಡ 120ಕ್ಕೆ ನಿಗದಿ ಮಾಡಿ, ಸುರುಳಿಯನ್ನು ಅಲ್ಲಿಂದ ಮುಂದಕ್ಕೆ, ಎಡ ಹಣೆಯ ಮೇಲ್ಭಾಗಕ್ಕೆ ಸರಿಸುತ್ತಾರೆ. ಖಿನ್ನತೆ ಇರುವವರಲ್ಲಿ ಮಿದುಳಿನ ಈ ಭಾಗ ಮಂಕಾಗಿರುವುದು ಸ್ಕ್ಯಾನ್ ಚಿತ್ರಗಳಲ್ಲಿ ಕಂಡುಬಂದದ್ದರಿಂದ 1990ರ ದಶಕದ ಮಧ್ಯದಲ್ಲಿ ಸಂಶೋಧಕರು ಈ ಜಾಗವನ್ನು ಆರಿಸಿಕೊಂಡರು.

ಹಳೆಯ ಕ್ರಮದಲ್ಲಿ ಸೆಕೆಂಡಿಗೆ ಹತ್ತರಂತೆ ನಾಲ್ಕು ಸೆಕೆಂಡು ತುಡಿತ, 26 ಸೆಕೆಂಡು ಬಿಡುವು. ಹೀಗೆ 3,000 ತುಡಿತ ಮುಗಿಯಲು ಮೂವತ್ತೇಳೂವರೆ ನಿಮಿಷ ಬೇಕು. ಪ್ರತಿ ಸಲವೂ ಯಾರೋ ಪಕ್ಕದಲ್ಲಿ ಕುಳಿತು ಜೋರಾಗಿ ಟೈಪ್ ಮಾಡಿದಂತೆ ಸದ್ದಾಗುತ್ತದೆ, ಅದಕ್ಕಾಗಿ ಕಿವಿಗೆ ಬಿರಡೆ ಕೊಡುತ್ತಾರೆ. ನೆತ್ತಿಯ ಚರ್ಮಕ್ಕೆ ಬೆರಳಿನಿಂದ ಕುಟ್ಟಿದಂತೆ ಅನ್ನಿಸುತ್ತದೆ, ಹುಬ್ಬು ಅದುರಬಹುದು. ಮೊದಲ ವಾರ ತಲೆನೋವು ಸಾಮಾನ್ಯ, ಅದಕ್ಕೆ ಪ್ಯಾರಸಿಟಮಾಲ್ ಸಾಕು. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಇಲ್ಲಿಯೇ ನಮ್ಮ ಕಡೆಯವರಿಗೆ ನಿಜವಾದ ಕಷ್ಟವಿರುವುದು. ಯಂತ್ರ ಇರುವ ಊರು ಬೆಂಗಳೂರಾದರೆ ಅದು ಇಲ್ಲಿಂದ ಸುಮಾರು 260 ಕಿಲೋಮೀಟರ್. ಒಂದು ತಿಂಗಳು ಯಾರ ಮನೆಯಲ್ಲಿ ಇರುವುದು, ಇಲ್ಲಿ ಮಕ್ಕಳ ಊಟ ತಿಂಡಿ ಯಾರು ನೋಡುವುದು, ಅಂಗಡಿಯವರು ನಿಮಗೆ ರಜೆ ಕೊಡುತ್ತಾರೆಯೇ ಎಂಬುದನ್ನು ಮೊದಲೇ ಯೋಚಿಸಿ. ಎಂಟು ಹತ್ತು ದಿನ ಮಾಡಿಸಿ 'ಏನೂ ಆಗಲಿಲ್ಲ' ಎಂದು ವಾಪಸು ಬರುವುದಾದರೆ ಹೋಗದಿರುವುದೇ ಮೇಲು, ಏಕೆಂದರೆ ಅನೇಕರಲ್ಲಿ ಫಲ ಕಾಣಲು ಮೂರನೆಯ, ನಾಲ್ಕನೆಯ ವಾರವಾಗುತ್ತದೆ.

ಗುಣವಾಗುತ್ತದೆಯೇ ಎಂಬುದಕ್ಕೆ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಕಟ್ಟುನಿಟ್ಟಿನ ಪ್ರಯೋಗದಲ್ಲಿ ಮಾತ್ರೆಯಿಲ್ಲದೆ ನಿಜವಾದ ತುಡಿತ ಪಡೆದವರಲ್ಲಿ ಶೇಕಡ 14 ಮಂದಿಯ ಖಿನ್ನತೆ ಪೂರ್ತಿ ಇಳಿಯಿತು. ಹೊರಗೆ ನಿಜವಾದದ್ದರಂತೆಯೇ ತೋರಿದರೂ ಮಿದುಳಿಗೆ ತುಡಿತ ಮುಟ್ಟಿಸದ ಸುಳ್ಳು ಸುರುಳಿಯ ಕೆಳಗೆ ಕುಳಿತವರಲ್ಲಿ ಶೇಕಡ 5. ಅಂದರೆ ಫಲ ನಿಜ, ಆದರೆ ಪವಾಡವಲ್ಲ. 2012ರಲ್ಲಿ ಅಲ್ಲಿಯದೇ 42 ಚಿಕಿತ್ಸಾಲಯಗಳ 307 ರೋಗಿಗಳನ್ನು ಗಮನಿಸಿದಾಗ ಶೇಕಡ 58 ಮಂದಿ ಸ್ಪಷ್ಟವಾಗಿ ಸುಧಾರಿಸಿದ್ದರು, ಶೇಕಡ 37 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು. ಅಲ್ಲಿ ಸುಳ್ಳು ಸುರುಳಿ ಇರಲಿಲ್ಲ, ಬಹಳ ಮಂದಿ ಮಾತ್ರೆಯನ್ನೂ ಮುಂದುವರಿಸಿದ್ದರು, ದುಡ್ಡು ಕೊಟ್ಟು ಬಂದವರ ಭರವಸೆಯೂ ಅದರಲ್ಲಿ ಬೆರೆತಿರುತ್ತದೆ. ಜಾಹೀರಾತುಗಳಲ್ಲಿ ಎರಡನೆಯ ಅಂಕಿಯನ್ನೇ ಹಾಕುತ್ತಾರೆ. ನಾನು ಮನೆಯವರಿಗೆ ಹೇಳುವುದಿಷ್ಟು: ಮಾತ್ರೆಯ ಜೊತೆಗೆ ಪೂರ್ತಿ ಅವಧಿ ಮಾಡಿಸಿದರೆ ಅರ್ಧದಷ್ಟು ಮಂದಿಗೆ ಕಣ್ಣಿಗೆ ಕಾಣುವ ಗುಣವಿದೆ, ಉಳಿದವರಿಗೆ ಇಲ್ಲ, ನೀವು ಯಾವ ಅರ್ಧಕ್ಕೆ ಸೇರುತ್ತೀರಿ ಎಂದು ಮೊದಲೇ ಹೇಳುವ ಪರೀಕ್ಷೆ ನನ್ನ ಮೇಜಿನ ಮೇಲಿಲ್ಲ.

ಯಂತ್ರದ ಮಾತಿಗೆ ಮುಂಚೆ ನಿಮ್ಮ ಪತ್ರದಲ್ಲಿ ನನಗೆ ತೊಡಕೆನಿಸಿದ ಒಂದು ಸಾಲಿದೆ: 'ಸ್ವಲ್ಪ ಸುಧಾರಿಸಿ ಮತ್ತೆ ಹಾಗೇ.' ಸುಧಾರಿಸಿದ ಮೇಲೆ ಮಾತ್ರೆ ಮುಂದುವರಿಸಿದ್ದಿರಾ, ಅಥವಾ ಚೆನ್ನಾಗಿದ್ದಾಳಲ್ಲ ಎಂದು ನಿಲ್ಲಿಸಿದಿರಾ? ನಮ್ಮಲ್ಲಿ 'ಎರಡು ಮಾತ್ರೆ ಫೇಲ್ ಆಯಿತು' ಎಂದು ಬರುವವರ ಚೀಟಿಗಳನ್ನು ಹರಡಿಕೊಂಡು ನೋಡಿದರೆ, ಆರಂಭದ ಸಣ್ಣ ಪ್ರಮಾಣವನ್ನೇ ಮೂರು ವಾರ ನುಂಗಿ ಬಿಟ್ಟವರೇ ಹೆಚ್ಚು. ಸರಿಯಾದ ಪ್ರಮಾಣದಲ್ಲಿ ಆರರಿಂದ ಎಂಟು ವಾರ ಕೊಡದೆ ಒಂದು ಮಾತ್ರೆಯನ್ನು ಸೋತಿತು ಎನ್ನಲಾಗದು. ಸುಮಾರು 4,000 ಮಂದಿಯನ್ನು ಒಳಗೊಂಡು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲ ಮಾತ್ರೆಯಿಂದ ಪೂರ್ತಿ ಗುಣವಾದವರು ಮೂರರಲ್ಲಿ ಒಂದು ಭಾಗದಷ್ಟೇ; ಆದ್ದರಿಂದ ಮೊದಲನೆಯದು ಹಿಡಿಯದಿರುವುದು ಅಪರೂಪವೇನಲ್ಲ. ಅದರ ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದ್ದಾರೆಯೇ? ನಡುವೆ ಯಾವಾಗಲಾದರೂ ಅತಿಯಾದ ಉತ್ಸಾಹ, ನಿದ್ದೆಯಿಲ್ಲದೆಯೂ ದಣಿಯದ ಚಟುವಟಿಕೆ, ವಿಪರೀತ ಖರ್ಚು ಮಾಡಿದ ದಿನಗಳಿದ್ದವೇ? ಇದ್ದರೆ ಕಾಯಿಲೆಯ ಹೆಸರೇ ಬದಲಾಗುತ್ತದೆ, ಚಿಕಿತ್ಸೆಯೂ ಬದಲಾಗುತ್ತದೆ. ಇವೆಲ್ಲ ನೋಡಿಯಾದ ಮೇಲೂ ನಿಮ್ಮ ವೈದ್ಯರು ಟಿಎಂಎಸ್ ಎನ್ನುತ್ತಿದ್ದರೆ ಅವರ ಸಲಹೆ ಸರಿಯಾಗಿಯೇ ಇದೆ. ಅತ್ತೆಯವರನ್ನು ಮೊದಲ ದಿನ ಜೊತೆಗೆ ಕರೆದೊಯ್ಯಿರಿ. ಮಗಳು ಮಾತಾಡುತ್ತಲೇ ಕುಳಿತಿರುವುದನ್ನು ಅವರೇ ನೋಡಲಿ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರು ಅಯಸ್ಕಾಂತವಿರುವ ತಲೆದಿಂಬು ಮತ್ತು ಕೈಪಟ್ಟಿ ಮಾರುತ್ತಾರೆ. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವುದೂ ಇದೇ ಎನ್ನುತ್ತಾರೆ. ಹೌದೇ? (ಚಳ್ಳಕೆರೆ)

ಉತ್ತರ: ಅಲ್ಲ, ಮತ್ತು ಏಕೆ ಅಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಲು ಹಳೆಯ ಸೈಕಲ್ಲಿನ ಡೈನಮೊ ಒಂದಿದ್ದರೆ ಸಾಕು. ಅದರೊಳಗೆ ಅಯಸ್ಕಾಂತ ಯಾವಾಗಲೂ ಇರುತ್ತದೆ, ಆದರೆ ದೀಪ ಹತ್ತುವುದು ಚಕ್ರ ತಿರುಗುವಾಗ ಮಾತ್ರ. ಸೈಕಲ್ ನಿಲ್ಲಿಸಿದಿರೋ, ಅಯಸ್ಕಾಂತ ಇದ್ದಲ್ಲೇ ಇದ್ದರೂ ದೀಪ ಆರುತ್ತದೆ. ಬದಲಾಗುತ್ತಿರುವ ಕಾಂತಕ್ಷೇತ್ರ ಮಾತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. 1896ರಲ್ಲಿ ಫ್ರಾನ್ಸಿನ ದಾರ್ಸಾನ್ವಾಲ್ ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣೆದುರು ಮಿಣುಕು ಬೆಳಕು ಕಾಣುವುದನ್ನು ದಾಖಲಿಸಿದ. ಕೊನೆಗೆ 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಹೊರಗಿನಿಂದಲೇ, ನೋವಿಲ್ಲದೆ, ಮಿದುಳಿನ ಒಂದು ಜಾಗವನ್ನು ಎಬ್ಬಿಸಿ ಕೈಯನ್ನು ಅಲುಗಿಸಿ ತೋರಿಸಿದರು. ಅದೇ ಟಿಎಂಎಸ್‌ನ ಹುಟ್ಟು.

ಯಂತ್ರದ ಸುರುಳಿಯಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಹರಿದು ನಿಲ್ಲುವ ಭಾರಿ ವಿದ್ಯುತ್ತಿನಿಂದ ಒಂದೂವರೆಯಿಂದ ಎರಡು ಟೆಸ್ಲಾ ಬಲದ ಕಾಂತಕ್ಷೇತ್ರ ಹುಟ್ಟಿ ಅಷ್ಟೇ ಬೇಗ ಅಳಿಯುತ್ತದೆ. ಬಲದಲ್ಲಿ ಅದು ಎಂಆರ್‌ಐ ಯಂತ್ರದಷ್ಟೇ ಇದೆ, ಆದರೆ ಒಂದೇ ಜಾಗಕ್ಕೆ ಸೀಮಿತ. ತಲೆಬುರುಡೆ ವಿದ್ಯುತ್ತನ್ನು ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಹಾಗಾಗಿ ಅದು ಎರಡು ಮೂರು ಸೆಂಟಿಮೀಟರ್ ಒಳಗಿಳಿದು ಅಲ್ಲಿನ ನರಕೋಶಗಳಲ್ಲಿ ಸಣ್ಣ ಪ್ರವಾಹ ಹುಟ್ಟಿಸಿ ಅವನ್ನು ಎಚ್ಚರಿಸುತ್ತದೆ. ಭಾವನೆಗಳಿಗೆ ಸಂಬಂಧಿಸಿದ ಆಳದ ಭಾಗಗಳನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಮೇಲಿನ ಭಾಗಕ್ಕೂ ಅವಕ್ಕೂ ಇರುವ ನರದ ಸಂಪರ್ಕಗಳ ಮೂಲಕ, ದಿನದಿನವೂ ಮರುಕಳಿಸುವುದರಿಂದ, ನಿಧಾನವಾಗಿ ಪ್ರಭಾವ ಬೀರುತ್ತದೆ. ದಿಂಬಿನೊಳಗಿನ ಅಯಸ್ಕಾಂತ ನಿಂತ ಸೈಕಲ್ಲಿನ ಡೈನಮೊ ಇದ್ದ ಹಾಗೆ. ಎಷ್ಟು ವರ್ಷ ತಲೆಯ ಕೆಳಗಿಟ್ಟರೂ ಒಂದು ನರಕೋಶವನ್ನೂ ಅದು ಎಬ್ಬಿಸದು. ಆ ದುಡ್ಡಿನಲ್ಲಿ ಸಂಬಂಧಿಕರಿಗೆ ಒಂದು ಹೊತ್ತು ಊಟ ಹಾಕಿಸಿ ಬಾಂಧವ್ಯ ಉಳಿಸಿಕೊಳ್ಳಿ, ದಿಂಬು ಮಾತ್ರ ಬೇಡ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಅಡಿಕೆ ತೋಟದಲ್ಲಿ ಬಿದ್ದು ತೊಡೆಗೆ ರಾಡ್ ಹಾಕಿದ್ದಾರೆ, ಹಲ್ಲಿಗೆ ಕ್ಯಾಪ್ ಇದೆ, ಎರಡು ವರ್ಷದ ಹಿಂದೆ ಪೇಸ್‌ಮೇಕರ್ ಕೂಡ ಹಾಕಿಸಿದೆವು. ಖಿನ್ನತೆಗೆ ಟಿಎಂಎಸ್ ಮಾಡಿಸಬಹುದೇ? (ಚನ್ನಗಿರಿ ತಾಲ್ಲೂಕು)

ಉತ್ತರ: ತೊಡೆಯ ರಾಡ್ ಸುರುಳಿಯಿಂದ ಬಹು ದೂರ, ಅದರ ಚಿಂತೆ ಬೇಡ. ಹಲ್ಲಿನ ಕ್ಯಾಪ್ ಕೂಡ ಸಾಮಾನ್ಯವಾಗಿ ಅಡ್ಡಿಯಲ್ಲ. ಪೇಸ್‌ಮೇಕರ್ ಗಂಭೀರ ವಿಷಯ. ಅದು ಎದೆಯಲ್ಲಿದ್ದರೂ ಅದರೊಳಗೆ ಸೂಕ್ಷ್ಮ ವಿದ್ಯುನ್ಮಾನ ಭಾಗಗಳಿರುವುದರಿಂದ, ಹೃದಯ ತಜ್ಞರು ಸಾಧನದ ವಿವರ ನೋಡಿ ಲಿಖಿತವಾಗಿ ಒಪ್ಪದ ಹೊರತು ಮುಂದುವರಿಯಬಾರದು. ನನ್ನನ್ನು ಕೇಳಿದರೆ, ಈ ವಯಸ್ಸಿನಲ್ಲಿ ಮಾತ್ರೆಯನ್ನು ಬದಲಿಸಿ ನೋಡುವ ದಾರಿ ಇನ್ನೂ ಉಳಿದಿದ್ದರೆ ಅದನ್ನೇ ಮೊದಲು ಹಿಡಿಯುತ್ತೇನೆ. ಖಂಡಿತ ಮಾಡಿಸಬಾರದವರೆಂದರೆ ತಲೆಯೊಳಗೆ ಅಥವಾ ಸುರುಳಿಯ ಹತ್ತಿರ ಲೋಹವಿರುವವರು: ಮಿದುಳಿನ ರಕ್ತನಾಳಕ್ಕೆ ಅಯಸ್ಕಾಂತಕ್ಕೆ ಸ್ಪಂದಿಸುವ ಕ್ಲಿಪ್ ಹಾಕಿಸಿದವರು, ಕಿವಿಯೊಳಗೆ ಕಾಕ್ಲಿಯರ್ ಸಾಧನ ಇರುವವರು, ಕಣ್ಣು ತಲೆಗಳಲ್ಲಿ ಲೋಹದ ಚೂರು ಹೊಕ್ಕವರು. ವೆಲ್ಡಿಂಗ್, ಲೇಥ್ ಕೆಲಸ ಮಾಡಿದವರು ಈ ಕೊನೆಯದನ್ನು ಮರೆತಿರುತ್ತಾರೆ, ವೈದ್ಯರು ಕೇಳದಿದ್ದರೂ ನೀವಾಗಿ ಹೇಳಬೇಕು.

ಇನ್ನು ಫಿಟ್ಸ್ ವಿಚಾರ. ಟಿಎಂಎಸ್ ಪಡೆಯುವ ಸಾವಿರ ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಚಿಕಿತ್ಸೆಯ ಹೊತ್ತಿನಲ್ಲಿ ಫಿಟ್ಸ್ ಬರುವುದುಂಟು. ಹಿಂದೆ ಫಿಟ್ಸ್ ಬಂದಿದ್ದರೆ, ಬೈಕಿನಿಂದ ಬಿದ್ದು ತಲೆಗೆ ಬಲವಾದ ಪೆಟ್ಟಾಗಿದ್ದರೆ, ಲಕ್ವ ಹೊಡೆದಿದ್ದರೆ ಈ ಅಪಾಯ ಹೆಚ್ಚು. ಮಂಡಿನೋವಿಗೆಂದು ಟ್ರಮಡಾಲ್ ತೆಗೆದುಕೊಳ್ಳುವ ಹಿರಿಯರು, ಮದ್ಯಪಾನವನ್ನು ಹಠಾತ್ತಾಗಿ ನಿಲ್ಲಿಸಿದವರು ಕೂಡ ಅದನ್ನು ಮುಚ್ಚಿಡಬಾರದು.

ಪ್ರಶ್ನೆ: ನಾನು ಎಂಎಸ್ಸಿ ಓದುತ್ತಿದ್ದೇನೆ, ವಯಸ್ಸು 22. ಎರಡು ತಿಂಗಳ ಹಿಂದೆ ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಈಗ ಸುಮಾರಾಗಿ ಪರವಾಗಿಲ್ಲ. ಆದರೆ ಮಾತ್ರೆಗೆ ಜೀವನಪೂರ್ತಿ ಅಂಟಿಕೊಳ್ಳುವ ಭಯ. ಪರೀಕ್ಷೆಗೆ ಮುಂಚೆ ಮಾತ್ರೆ ಬಿಟ್ಟು ಐದೇ ದಿನದ ಟಿಎಂಎಸ್ ಮಾಡಿಸಿಕೊಳ್ಳಬಹುದೇ, ಸರ್? (ಚಿತ್ರದುರ್ಗ)

ಉತ್ತರ: ಬೇಡಮ್ಮ. ನಿಮಗೆ ಮೊದಲ ಮಾತ್ರೆಯೇ ಫಲ ಕೊಡುತ್ತಿದೆ. ಫಲ ಕೊಡುತ್ತಿರುವುದನ್ನು ಬಿಟ್ಟು, ಅದು ಸೋತವರಿಗೆಂದು ಇರುವ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು, ಅದಕ್ಕಾಗಿಯೇ ಹಂತಹಂತವಾಗಿ ಇಳಿಸುವುದು. ಮೊದಲ ಸಲದ ಖಿನ್ನತೆಗೆ, ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ ಆಮೇಲೆ ನಿಲ್ಲಿಸುವುದು ವಾಡಿಕೆ. ಇದರ ಜೊತೆಗೆ ಆಪ್ತಸಮಾಲೋಚನೆ ಸಿಗುವುದಾದರೆ ಬಿಡಬೇಡಿ.

ಐದು ದಿನದ ಕ್ರಮದ ಬಗ್ಗೆ ನೀವು ಓದಿರುವುದು ಸುಳ್ಳಲ್ಲ. ಅವಧಿಯನ್ನು ಕುಗ್ಗಿಸುವ ಪ್ರಯತ್ನಗಳು ಈಚೆಗೆ ವೇಗವಾಗಿ ನಡೆದಿವೆ. 414 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತುಡಿತಗಳನ್ನು ಗೊಂಚಲು ಗೊಂಚಲಾಗಿ ಕೊಡುವ ಮೂರು ನಿಮಿಷದ ಕ್ರಮ ಹಳೆಯ ಮೂವತ್ತೇಳೂವರೆ ನಿಮಿಷದ ಕ್ರಮಕ್ಕೆ ಸರಿಸಮವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಈಚೆಗೆ ಆದ ಅತ್ಯಂತ ಉಪಯುಕ್ತ ಬದಲಾವಣೆ ಅದು, ಏಕೆಂದರೆ ಒಂದೇ ಯಂತ್ರದಲ್ಲಿ ದಿನಕ್ಕೆ ಹಲವು ಪಟ್ಟು ಹೆಚ್ಚು ರೋಗಿಗಳನ್ನು ನೋಡಬಹುದು. ನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ದಿನಕ್ಕೆ ಹತ್ತು ಸಲದಂತೆ ಐದೇ ದಿನ ಕೊಡುವ ಕ್ರಮವನ್ನು ರೂಪಿಸಿದರು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಫಲ ಬೆರಗುಗೊಳಿಸುವಂತಿತ್ತು, ಆದರೆ ಸುಳ್ಳು ಸುರುಳಿಯೊಂದಿಗೆ ಹೋಲಿಸಿ ನಡೆಸಿದ ಆ ಪ್ರಯೋಗದಲ್ಲಿದ್ದವರು 29 ಮಂದಿ ಮಾತ್ರ, ಮತ್ತು ಪ್ರತಿಯೊಬ್ಬರ ಮಿದುಳಿನ ಎಂಆರ್‌ಐ ನೋಡಿ ಜಾಗ ಗುರುತಿಸಿದ್ದರು. 'ಐದು ದಿನದ ಕೋರ್ಸ್' ಎಂಬ ಫಲಕ ಹಾಕಿದ ಕಡೆಯೆಲ್ಲ ಅದೇ ಕ್ರಮ ನಡೆಯುತ್ತದೆ ಎಂದು ತಿಳಿಯಬೇಡಿ. ಇನ್ನೊಂದು ಮಾತು: ರಾತ್ರಿಯಿಡೀ ನಿದ್ದೆಗೆಟ್ಟು ಓದುವವರಿಗೆ ಟಿಎಂಎಸ್ ವೇಳೆ ಫಿಟ್ಸ್ ಬರುವ ಸಂಭವವೂ ಹೆಚ್ಚುತ್ತದೆ. ಮಾತ್ರೆ ನುಂಗಿ, ಹತ್ತೂವರೆಗೆ ಮಲಗಿ.

ಪ್ರಶ್ನೆ: ಒಮ್ಮೆ ಮಾಡಿಸಿದರೆ ಶಾಶ್ವತವೇ? ವಿಮೆ ಸಿಗುತ್ತದೆಯೇ? ಅಷ್ಟು ಖರ್ಚು ಮಾಡಲಾಗದವರು ಎಲ್ಲಿಗೆ ಹೋಗಬೇಕು? (ಹರಿಹರ)

ಉತ್ತರ: ಶಾಶ್ವತವಲ್ಲ. ಗುಣವಾದವರಲ್ಲಿ ಬಹಳ ಮಂದಿ ಮಾತ್ರೆ ಮುಂದುವರಿಸಿಕೊಂಡು ಒಂದು ವರ್ಷ ಚೆನ್ನಾಗಿಯೇ ಇರುತ್ತಾರೆ, ಕೆಲವರಿಗೆ ಮರುಕಳಿಸುತ್ತದೆ; ಮೊದಲ ಸಲ ಫಲ ಕಂಡವರಿಗೆ ಎರಡನೆಯ ಸಲವೂ ಕಾಣುವುದು ಹೆಚ್ಚು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಟಿಎಂಎಸ್‌ಗೆ ಆಸ್ಪತ್ರೆಯಲ್ಲಿ ಮಲಗುವ ಅಗತ್ಯವಿಲ್ಲ, ಮತ್ತು ದಾಖಲಾಗದ ಚಿಕಿತ್ಸೆಗೆ ಹಣ ಕೊಡದ ಪಾಲಿಸಿಗಳೇ ಹೆಚ್ಚು. ಆದ್ದರಿಂದ ಏಜೆಂಟರ ಬಾಯಿಮಾತನ್ನು ನಂಬದೆ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಒಂದು ಸಲಕ್ಕೆ ಎಷ್ಟು ಎಂದು ಕೇಳುವ ಬದಲು, ಪೂರ್ತಿ ಕೋರ್ಸಿಗೆ, ಮೊದಲ ದಿನದ ಅಳತೆಯೂ ಸೇರಿ ಎಷ್ಟು ಎಂದು ಕೇಳಿ.

ಖರ್ಚಿನ ಚಿಂತೆ ಇರುವವರು ಯಂತ್ರದಿಂದ ಆರಂಭಿಸಬೇಕಾಗಿಯೇ ಇಲ್ಲ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ವ್ಯವಸ್ಥೆ ಇರಬೇಕು ಎಂಬ ಇಡೀ ದೇಶದ ಯೋಜನೆಗೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಮಾತ್ರೆಗಳೂ ಸಿಗುತ್ತವೆ. ಟಿಎಂಎಸ್ ಬೇಕೇಬೇಕೆಂದು ಅವರಿಗೆ ಅನ್ನಿಸಿದರೆ ನಿಮ್ಹಾನ್ಸ್‌ಗೆ ಪತ್ರ ಬರೆದುಕೊಡುತ್ತಾರೆ, ಅಲ್ಲಿ ಈ ಚಿಕಿತ್ಸೆಯೂ ಇದೆ, ಸಂಶೋಧನೆಯೂ ನಡೆಯುತ್ತಿದೆ. ಬದುಕೇ ಬೇಡ ಎಂಬ ಯೋಚನೆ ಬರುತ್ತಿರುವವರು ಇದಾವುದಕ್ಕೂ ಕಾಯದೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ.

ಪ್ರಶ್ನೆ: ಮುಂದಿನ ವಾರದಿಂದ ನನಗೆ ಟಿಎಂಎಸ್ ಶುರು. ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬಹುದೇ? ಓಲೆ, ಮೂಗುಬೊಟ್ಟು, ತಾಳಿ ಎಲ್ಲ ತೆಗೆಯಬೇಕೇ? (ಜಗಳೂರು)

ಉತ್ತರ: ಸಂಕೋಚ ಏಕಮ್ಮ, ಬಂದ ಪತ್ರಗಳಲ್ಲೆಲ್ಲ ಅತ್ಯಂತ ಉಪಯೋಗದ ಪ್ರಶ್ನೆ ನಿಮ್ಮದು. ಎಣ್ಣೆಯಿಂದ ಅಪಾಯವಿಲ್ಲ, ಆದರೆ ಗುರುತಿನ ಟೋಪಿ ಜಾರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಮನೆಗೆ ಬಂದು ಹಚ್ಚಿಕೊಳ್ಳಿ. ದೊಡ್ಡ ತುರುಬು ಬೇಡ, ಜಡೆ ಸಡಿಲವಾಗಿ ಹಾಕಿ. ಹೇರ್‌ಪಿನ್ನು, ಕ್ಲಿಪ್ಪು, ಓಲೆ, ಮೂಗುಬೊಟ್ಟು, ಕನ್ನಡಕ, ಕಿವಿ ಕೇಳಿಸುವ ಮೆಷಿನ್ನು ಇವೆಲ್ಲ ಸುರುಳಿಯ ಹತ್ತಿರದವು, ತೆಗೆದಿಡಬೇಕು. ಮೊಬೈಲು ಮತ್ತು ಎಟಿಎಂ ಕಾರ್ಡನ್ನು ಹೊರಗಿರುವವರ ಕೈಗೆ ಕೊಡಿ, ಕಾರ್ಡು ಕೆಟ್ಟುಹೋಗಬಹುದು. ತಾಳಿಯನ್ನೂ ತೆಗೆಯಿರಿ ಎಂದು ಅಲ್ಲಿಯವರು ಹೇಳಿದರೆ, ಆಪರೇಷನ್ ದಿನ ನಮ್ಮ ಕಡೆಯ ಹೆಂಗಸರು ಮಾಡುವಂತೆ ಅರಿಶಿನದ ದಾರಕ್ಕೊಂದು ಅರಿಶಿನದ ಕೊಂಬು ಕಟ್ಟಿಕೊಂಡು ಹೋಗಿ. ಅದರಲ್ಲಿ ಲೋಹವಿಲ್ಲ, ಯಂತ್ರಕ್ಕೂ ಅಡ್ಡಿಯಿಲ್ಲ, ನಿಮ್ಮ ಅತ್ತೆಯವರಿಗೂ ಆಕ್ಷೇಪಣೆ ಇರಲಾರದು.